ಶನಿವಾರದ ಕೊಠಡಿಯ ಮೇಷ್ಟ್ರು

ಪರೀಕ್ಷೆಗೆ ಬೇಕಾದ ವಿಷಯವನ್ನು ಹೇಳಿಕೊಡುವ ಅಧ್ಯಾಪಕರು ಎಲ್ಲ ಊರಿನಲ್ಲೂ ಇದ್ದಾರೆ. ವಿಷಯವೆಲ್ಲ ಗೊತ್ತಿದ್ದೂ ಪರೀಕ್ಷೆಯ ಕೊಠಡಿಗೆ ಕಾಲಿಟ್ಟ ಕೂಡಲೇ ಕೈಕಾಲು ತಣ್ಣಗಾಗುವ ಹದಿನೇಳರ ಹುಡುಗ ಹುಡುಗಿಯರನ್ನು ಹತ್ತಿರ ಕರೆದು, ಆ ಕೊಠಡಿಯಲ್ಲಿ ಕೂರುವುದನ್ನೇ ಒಂದು ವಿದ್ಯೆಯೆಂದು ತಿಳಿದು ಕಲಿಸಿದವರು ಬಹಳ ಮಂದಿ ಇರಲಾರರು. ಈ ತಿಂಗಳು ಕಾಲೇಜಿನ ಗಣಿತ ವಿಭಾಗದಿಂದ ನಿವೃತ್ತರಾಗುತ್ತಿರುವ ಮೇಷ್ಟ್ರು ಆ ಕೆಲವರಲ್ಲಿ ಒಬ್ಬರು. ಗಣಿತದಲ್ಲಿ ಅವರು ದೊಡ್ಡ ಸಂಶೋಧನೆ ಮಾಡಲಿಲ್ಲ. ಮಾಡಿದೆನೆಂದು ಹೇಳಿಕೊಂಡವರೂ ಅಲ್ಲ. ಗಾಬರಿ ಎಂಬ ವಿಷಯ ಪಠ್ಯಕ್ರಮದಲ್ಲಿ ಎಲ್ಲಿಯೂ ಇಲ್ಲದಿದ್ದರೂ ಪ್ರತಿಯೊಂದು ಪ್ರವೇಶ ಪರೀಕ್ಷೆಯಲ್ಲೂ ಇರುತ್ತದೆ, ಅದಕ್ಕೂ ಅಭ್ಯಾಸ ಬೇಕು ಎಂದು ಕಂಡುಕೊಂಡದ್ದೇ ಅವರ ಸಂಶೋಧನೆ.

ಇದನ್ನು ಅವರು ಮೊದಲು ಕಂಡುಕೊಂಡದ್ದು ತಮ್ಮ ಮೇಲೆಯೇ. ಹುಡುಗರಾಗಿದ್ದಾಗ ಬರೆದ ಪ್ರವೇಶ ಪರೀಕ್ಷೆಯಲ್ಲಿ, ಗಾಬರಿಯ ಭರದಲ್ಲಿ, ಅಭ್ಯರ್ಥಿಯ ಹೆಸರಿನ ಜಾಗದಲ್ಲಿ ಶಾಲೆಯ ಹೆಸರನ್ನೂ ಶಾಲೆಯ ಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನೂ ಬರೆದು ಬಂದಿದ್ದರು. ಫಲಿತಾಂಶ ಹೊರಬಿದ್ದಾಗ ಶಾಲೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿತ್ತು. ಹುಡುಗ ಪರೀಕ್ಷೆಗೇ ಹಾಜರಾಗಿರಲಿಲ್ಲ. ಅವರ ತಂದೆ ಕಚೇರಿಯಿಂದ ಕಚೇರಿಗೆ ಅಲೆದು, “ಸ್ವಾಮಿ, ಪಾಸಾಗಿರೋದು ನನ್ನ ಮಗ, ಕಟ್ಟಡ ಅಲ್ಲ” ಎಂದು ಮೇಜಿನ ಮುಂದೆ ನಿಂತು ಬೇಡಿಕೊಳ್ಳಬೇಕಾಯಿತು. ಒಬ್ಬ ಗುಮಾಸ್ತರು ಹಾಳೆಯನ್ನೂ ಹುಡುಗನನ್ನೂ ಮತ್ತೆ ಮತ್ತೆ ನೋಡಿ, “ಕಟ್ಟಡವೇ ವಾಸಿ, ಅಲ್ಲಾಡದೆ ನಿಂತಿರುತ್ತೆ” ಎಂದರಂತೆ. ಈ ಕಥೆಯನ್ನು ಮೇಷ್ಟ್ರು ಪ್ರತಿ ವರ್ಷವೂ ಹೊಸ ತರಗತಿಗೆ ತಾವಾಗಿಯೇ ಹೇಳುತ್ತಿದ್ದರು. ಮಕ್ಕಳು ನಕ್ಕು ಮುಗಿಸಿದ ಮೇಲೆ, “ಹೂಂ, ಈಗ ನಿಮ್ಮ ನಿಮ್ಮ ಹೆಸರು ಬರೀರಿ ನೋಡೋಣ” ಎನ್ನುತ್ತಿದ್ದರು.

ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪರೀಕ್ಷೆಗೆ ಮೇಲ್ವಿಚಾರಕರಾಗಿ ಹೋದರು. ಆ ಕೊಠಡಿಯಲ್ಲಿ ಅವರದೇ ವಿದ್ಯಾರ್ಥಿನಿ ಒಬ್ಬಳಿದ್ದಳು; ಅಕ್ಕಪಕ್ಕದವರಿಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದ ಹುಡುಗಿ. ಆಕೆ ಕಷ್ಟವಾದ ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದಳು, ಆದರೆ ಉತ್ತರದ ಹಾಳೆಯಲ್ಲಿ ಆ ಸಾಲನ್ನು ಬಿಡುವುದನ್ನು ಮರೆತಳು. ಅಲ್ಲಿಂದ ಮುಂದೆ ಆಕೆ ಕಪ್ಪು ಮಾಡಿದ ಪ್ರತಿಯೊಂದು ವೃತ್ತವೂ ಒಂದು ಸಾಲು ಮೇಲೆ ಕೂತಿತ್ತು. ಮೇಷ್ಟ್ರು ಅದನ್ನು ಕಂಡರು. ನಿಯಮದಂತೆ ಬಾಯಿ ಬಿಡುವಂತಿರಲಿಲ್ಲ. ಆಕೆಯ ಬೆಂಚಿನ ಬಳಿ ಸುಮ್ಮನೆ ಸುಳಿದಾಡಿದರು, ಕೆಮ್ಮಿದರು, ನಿಟ್ಟುಸಿರು ಬಿಟ್ಟರು. ಹುಡುಗಿ ಅವರ ಓಡಾಟದಿಂದ ಇನ್ನಷ್ಟು ಹೆದರಿಕೊಂಡಳು.

ಆ ಸಂಜೆ ಅವರು ಅರ್ಧ ಊಟಕ್ಕೇ ಎದ್ದರು. ಹೊಸದಾಗಿ ಮದುವೆಯಾಗಿದ್ದ ಪತ್ನಿ ವಿಷಯ ಕೇಳಿ ತಿಳಿದುಕೊಂಡು, “ಅವಳಿಗೆ ಲೆಕ್ಕ ಗೊತ್ತಿತ್ತು ತಾನೆ?” ಎಂದರು.

“ನನಗಿಂತ ಚೆನ್ನಾಗಿ.”

“ಮತ್ತೆ ಗೊತ್ತಿರೋದನ್ನೇ ಮತ್ತೆ ಮತ್ತೆ ಹೇಳಿಕೊಟ್ಟು ಏನು ಬಂತು ರೀ? ಕೂರೋದನ್ನ ಹೇಳಿಕೊಡಿ.”

ಶನಿವಾರದ ಕೊಠಡಿ ಹುಟ್ಟಿದ್ದು ಹೀಗೆ. ಅದು ಅವರ ಮನೆಯ ಮಹಡಿಯ ಮೇಲಿನ ಉದ್ದನೆಯ ಕೋಣೆ. ಕಾಲೇಜು ಬೇಡವೆಂದು ಬಿಸಾಡಿದ ಮೇಜುಗಳನ್ನು ಕೇಳಿ ತಂದು ಹಾಕಿದರು. ಒಂದಕ್ಕೂ ನಾಲ್ಕು ಕಾಲು ಸಮನಾಗಿರಲಿಲ್ಲ. ಬಡಗಿ ಸರಿಮಾಡಿಕೊಡುತ್ತೇನೆಂದು ಬಂದಾಗ ಮೇಷ್ಟ್ರು ಬಾಗಿಲಲ್ಲೇ ತಡೆದು, “ಅಯ್ಯೋ, ಅಲ್ಲಾಡೋದಕ್ಕೇ ಇಟ್ಟಿರೋದು, ಕೈ ಹಚ್ಚಬೇಡಪ್ಪ” ಎಂದು ವಾಪಸು ಕಳಿಸಿದರು. ನಿಜವಾದ ಪರೀಕ್ಷೆಯಲ್ಲಿ ಏನೇನು ಕೆಡಬಹುದೋ ಅದೆಲ್ಲ ಇಲ್ಲಿ ಮೊದಲೇ ಕೆಡಬೇಕು ಎಂಬುದು ಅವರ ಪದ್ಧತಿ. ಪಕ್ಕದ ಮನೆಯ ತಾತನಿಗೆ ಒಳ್ಳೆಯ ಕೆಮ್ಮು ಇತ್ತು. ಅವರನ್ನು ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಲೆಕ್ಕದ ಭಾಗ ಬಿಗಿಯಾದಾಗ ಮೆಟ್ಟಿಲ ಮೇಲಿಂದ ಸ್ಟೀಲ್ ತಟ್ಟೆಗಳು ಉರುಳಿ ಬೀಳುತ್ತಿದ್ದವು. ಮೇಷ್ಟ್ರು ಮಹಡಿಯ ವರಾಂಡದಲ್ಲಿ ಏಣಿ ಹತ್ತಿ, ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಗವಾಕ್ಷಿಯ ಮೂಲಕ ಒಳಗೆ ನೀರು ಸುರಿಯುತ್ತಿದ್ದರು. ಒಮ್ಮೆ ಕೆಳಗಿಳಿಯುವಾಗ ಜಾರಿ ಬಿದ್ದು, ನೆಲದ ಮೇಲಿಂದಲೇ “ನನ್ನನ್ನು ನೋಡಬೇಡಿ, ಬರೀರಿ” ಎಂದು ಕೂಗಿದ್ದುಂಟು. ಯಾರೂ ನೋಡಲಿಲ್ಲ. ಕಾಲು ಉಳುಕಿದ ನೋವಿನಲ್ಲೂ ಅವರಿಗೆ ಅದು ಬಹಳ ಸಂತೋಷ ಕೊಟ್ಟಿತು.

ಆ ಕೊಠಡಿಯ ಮೇಲ್ವಿಚಾರಕಿ ಅವರ ಪತ್ನಿಯೇ. ಮಕ್ಕಳೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವರು ಆ ಕೆಲಸಕ್ಕೆ ಸ್ವಲ್ಪವೂ ಲಾಯಕ್ಕಾಗಿರಲಿಲ್ಲ. ಯಾರಾದರೂ ಹುಬ್ಬು ಗಂಟಿಕ್ಕಿದರೆ ನೀರು ತಂದು ಕೊಡುತ್ತಿದ್ದರು. ಕಣ್ಣಲ್ಲಿ ನೀರು ಕಂಡರೆ, “ಬಿಡು ಮರಿ, ಇದು ಬರದಿದ್ರೆ ಇನ್ನೊಂದು ಬರತ್ತೆ” ಎಂದು ತಲೆ ನೇವರಿಸುತ್ತಿದ್ದರು. ಮೇಷ್ಟ್ರು ಪಕ್ಕಕ್ಕೆ ಕರೆದು, “ಸೂಪರ್‌ವೈಸರ್ ನೀರು ಕೊಡಬಾರದು ಕಣೇ, ಮುಖ ಗಂಟಿಕ್ಕಿಕೊಂಡು ಓಡಾಡಬೇಕು” ಎಂದು ತಿಳಿಹೇಳಿದರು. ಆಗ ಅವರು ಮಾವನವರ ಹಳೆಯ ದಪ್ಪ ಬೂಟುಗಳನ್ನು ಹುಡುಕಿ ತೆಗೆದು ಹಾಕಿಕೊಂಡರು. ಆ ಬೂಟು ಕಾಲಿಗೆ ಬಂದ ಮೇಲೆ ಎಲ್ಲಿಂದಲೋ ಗಾಂಭೀರ್ಯವೂ ಬಂದಿತು. ಕಿರ್ರ್ ಕಿರ್ರ್ ಎಂದು ಬೆಂಚುಗಳ ನಡುವೆ ನಡೆದು, ಯಾವನೋ ಹುಡುಗನ ಹಿಂದೆ ನಿಂತು, ಅವನ ಕಿವಿಯ ಬಳಿ ಸುಮ್ಮನೆ “ಹ್ಞೂಂ” ಎನ್ನುತ್ತಿದ್ದರು. ಆ ಹ್ಞೂಂಗೆ ಅರ್ಥವೇನೂ ಇರಲಿಲ್ಲ. ಅದನ್ನು ತಡೆದುಕೊಂಡವನು ಎಂಥ ಪರೀಕ್ಷೆಯನ್ನಾದರೂ ತಡೆದುಕೊಳ್ಳುತ್ತಿದ್ದ.

ಆ ತಾಯಿ ಹೋದ ವರ್ಷ ಭಗವಂತನ ಪಾದ ಸೇರಿದರು. ಮೇಷ್ಟ್ರ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಅವರನ್ನು ಇದ್ದರು, ಮಾಡಿದರು, ಹೇಳಿದರು ಎಂದು ಬರೆಯಲು ಕೈ ಒಪ್ಪುವುದಿಲ್ಲ. ಆದರೆ ಕೊಟ್ಟವನು ಕೇಳಿದಾಗ ಇಲ್ಲವೆನ್ನಲು ನಾವು ಯಾರು. ಅಂದಿನಿಂದ ಮಹಡಿಯ ಕೋಣೆಗೆ ಬೀಗ ಬಿದ್ದಿದೆ. ಯಾರಾದರೂ ಕೇಳಿದರೆ ಮೇಷ್ಟ್ರು, “ಸೂಪರ್‌ವೈಸರ್ ಇಲ್ಲದೆ ಎಂಥ ಪರೀಕ್ಷೆ” ಎಂದು ಮಾತು ತಿರುಗಿಸುತ್ತಾರೆ. ತಮ್ಮ ಪದ್ಧತಿ ಆ ಬೂಟಿನ ಸದ್ದಿನ ಮೇಲೆ, ಆ ನೀರಿನ ಕ್ಯಾನಿನ ಮೇಲೆ ನಿಂತಿತ್ತು, ಅವಳಿಲ್ಲದೆ ಅದು ನಡೆಯುವುದಿಲ್ಲ ಎಂಬುದು ಅವರ ನಂಬಿಕೆ. ಅದು ಎಷ್ಟರ ಮಟ್ಟಿಗೆ ನಿಜ ಎಂದು ತಿಳಿಯಲು ದರ್ಜಿಯವರ ಮಗಳ ಕಥೆಯನ್ನು ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ, ಬಸ್ ನಿಲ್ದಾಣದ ಎದುರಿನ ಅಂಗಡಿಯ ದರ್ಜಿ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಸೇತುವೆ ಕಟ್ಟುವ ವಿದ್ಯೆ ಕಲಿಯಬೇಕೆಂದು ಹುಡುಗಿಗೆ ಆಸೆ. ಅಪ್ಪನ ಅಂಗಡಿಯಲ್ಲಿ ಉಳಿದ ದಾರಗಳನ್ನು ಎರಡು ಸ್ಟೂಲುಗಳ ನಡುವೆ ಕಟ್ಟಿ, ಮೇಲೆ ಕತ್ತರಿಯಿಟ್ಟು ಭಾರ ನೋಡುತ್ತ ಬೆಳೆದವಳು. ಒಂದು ಸಲ ಪ್ರವೇಶ ಪರೀಕ್ಷೆ ಬರೆದು ಆಗಿತ್ತು. ಸರಿಯಾದ ಉತ್ತರವನ್ನು ಗುರುತು ಮಾಡುವುದು, ಅನುಮಾನ ಬಂದು ಅಳಿಸುವುದು, ಬೇರೆಯದನ್ನು ಗುರುತು ಮಾಡುವುದು, ಅದನ್ನೂ ಅಳಿಸುವುದು, ಹೀಗೆ ಮಾಡಿ ಮಾಡಿ ಉತ್ತರದ ಹಾಳೆಯೇ ತೂತು ಬಿದ್ದಿತ್ತು. ಆ ಪರೀಕ್ಷೆಯನ್ನು ಒಬ್ಬರು ಎರಡೇ ಸಲ ಬರೆಯಬಹುದು. ಉಳಿದದ್ದು ಒಂದೇ ಅವಕಾಶ.

“ತಲೆಗೆ ಏನೂ ಕಮ್ಮಿಯಿಲ್ಲ ಮೇಷ್ಟ್ರೇ,” ಎಂದರು ದರ್ಜಿ. “ಅಳತೆ ತಗೊಂಡು ಬಟ್ಟೆ ಕತ್ತರಿಸೋ ಹೊತ್ತಿಗೆ ಮತ್ತೆ ಅಳತೆ ತಗೋತಾಳೆ, ಅಷ್ಟೇ. ಗಿರಾಕಿ ದಪ್ಪ ಆಗೋವರೆಗೂ ಅಳೀತಾನೇ ಇರ್ತಾಳೆ.”

ಬಂದ ಮೊದಲ ಶನಿವಾರವೇ ಮಕ್ಕಳು ಅವಳಿಗೆ ರಬ್ಬರ್ ಎಂದು ಹೆಸರಿಟ್ಟರು. ಮೇಷ್ಟ್ರು ಅವಳ ರಬ್ಬರನ್ನು ಕಿತ್ತುಕೊಂಡರೆ ಪೆನ್ಸಿಲಿನ ಹಿಂದಿನ ತುಂಡಿನಿಂದ ಅಳಿಸಿದಳು. ಅದನ್ನು ಮುರಿದರೆ ಬೆರಳಿನಿಂದ ತಿಕ್ಕಿದಳು. ತಟ್ಟೆ ಬಿದ್ದರೆ ಅಳಿಸಿದಳು, ತಾತ ಕೆಮ್ಮಿದರೆ ಅಳಿಸಿದಳು. ಅಮ್ಮ ಹಿಂದೆ ನಿಂತು ಹ್ಞೂಂ ಎಂದಾಗ ತನ್ನ ಹೆಸರನ್ನೇ ಅಳಿಸಿಬಿಟ್ಟಳು. ಮೇಷ್ಟ್ರ ಎಲ್ಲ ವಿದ್ಯೆಯೂ ಅಲ್ಲಿಗೆ ಮುಗಿಯಿತು.

ಆಗ ಅಮ್ಮ ಆ ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

“ಚಹಾ ಬೇಕಾ, ಕಾಫಿ ಬೇಕಾ?”

“ಚಹಾ... ಇಲ್ಲ ಅಮ್ಮ, ಕಾಫಿ. ನಿಮಗೆ ಕಷ್ಟ ಆಗೋದಾದ್ರೆ ಚಹಾನೇ. ಅಥವಾ—”

“ಚಹಾ ಅಂದೆ. ಚಹಾನೇ. ಈ ಮನೇಲಿ ಮೊದಲು ಬಾಯಿಗೆ ಬಂದದ್ದೇ ಲೋಟಕ್ಕೂ ಬರೋದು.”

ಅಂದಿನಿಂದ ಅದು ಆ ಮನೆಯ ಕಟ್ಟಳೆಯಾಯಿತು. ಕಿಟಕಿ ತೆರೆಯಲೋ ಮುಚ್ಚಲೋ ಎಂದು ಕೇಳಿದರೆ ಹುಡುಗಿಯ ಮೊದಲ ಮಾತೇ ಮಾತು. ಸೆಕೆಯಲ್ಲಿ ಎಲ್ಲರೂ ಬೆವರಿದರೂ ಮುಚ್ಚಿದ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಪಲ್ಯಕ್ಕೆ ಉಪ್ಪು ಸಾಕೋ ಬೇಕೋ ಎಂದು ಕೇಳಿ, ಸಾಕೆಂದರೆ ಆ ಸಪ್ಪೆ ಪಲ್ಯವನ್ನೇ ಎಲ್ಲರಿಗೂ ಬಡಿಸುತ್ತಿದ್ದರು. ತಪ್ಪು ಹೇಳಿದರೆ ಪ್ರಪಂಚ ಮುಳುಗುವುದಿಲ್ಲ, ಒಂದು ಹೊತ್ತು ಸಪ್ಪೆ ತಿನ್ನಬೇಕಾಗುತ್ತದೆ ಅಷ್ಟೇ ಎಂಬುದು ಹುಡುಗಿಗೆ ಮೆಲ್ಲಮೆಲ್ಲನೆ ತಿಳಿಯತೊಡಗಿತು. ಈ ಕಟ್ಟಳೆಯಿಂದ ಬಹಳವಾಗಿ ಕಷ್ಟಪಟ್ಟವರು ಮೇಷ್ಟ್ರು. ಅನ್ನ ಇನ್ನಷ್ಟು ಬಡಿಸಲೇ ಎಂದರೆ ಮೊದಲು ಬೇಡವೆನ್ನುವುದು, ಎರಡನೆಯ ಸಲ ಕೇಳಿದಾಗ ಹಾಕಿಸಿಕೊಳ್ಳುವುದು ಅವರ ಹುಟ್ಟು ಅಭ್ಯಾಸ. ಆ ವರ್ಷ ಯಾರೂ ಎರಡನೆಯ ಸಲ ಕೇಳಲಿಲ್ಲ. ಅವರು ಸೊರಗಿದ್ದನ್ನು ಕಂಡ ಸಹೋದ್ಯೋಗಿಗಳು ಏನೋ ಕಾಯಿಲೆಯೆಂದು ಬಗೆದು ದೇವರಲ್ಲಿ ಬೇಡಿಕೊಂಡರು.

ಪರೀಕ್ಷೆಯ ದಿನ ಬಂದಿತು. ಯಾವ ಮಗುವಿನ ಜೊತೆ ಬರಲು ಮನೆಯವರಿಗೆ ಬಿಡುವಿಲ್ಲವೋ ಆ ಮಗುವಿನ ಜೊತೆ ತಾವೇ ಹೋಗುವುದು, ಗೇಟಿನ ಹೊರಗೆ ಕಡೆಯವರೆಗೂ ನಿಂತಿರುವುದು ಮೇಷ್ಟ್ರ ರೂಢಿ. ಆ ವರ್ಷ ದರ್ಜಿಯೂ ಅಂಗಡಿ ಮುಚ್ಚಿ ಬಂದಿದ್ದರು, ಅಮ್ಮನೂ ಬಂದಿದ್ದರು. ದರ್ಜಿಯವರ ಮಗಳೂ ಶನಿವಾರದ ಕೊಠಡಿಯ ಇನ್ನೂ ಏಳೆಂಟು ಮಕ್ಕಳೂ ಒಂದೇ ಕೊಠಡಿಯಲ್ಲಿ ಬಿದ್ದಿದ್ದರು.

ಪರೀಕ್ಷೆ ಅರ್ಧದಷ್ಟು ನಡೆದಿರಬೇಕು. ಆ ಕಟ್ಟಡದ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಕೊಳವೆ ಒಡೆಯಿತು. ನೀರು ಧೋ ಎಂದು ಮೆಟ್ಟಿಲಿಳಿದು, ಬಾಗಿಲ ಸಂದಿಯಿಂದ ನುಗ್ಗಿ, ಬೆಂಚುಗಳ ಕೆಳಗೆ ಹರಡಿತು; ಚಾವಣಿಯ ಮೂಲೆಯಿಂದಲೂ ಸುರಿಯತೊಡಗಿತು. ಮುಖ್ಯ ಮೇಲ್ವಿಚಾರಕರು ಕುರ್ಚಿಯ ಮೇಲೆ ಹತ್ತಿ ನಿಂತು, “ಯಾರೂ ಗಾಬರಿಯಾಗಬೇಡಿ!” ಎಂದು ಕೂಗಿದ ಧ್ವನಿಗೆ, ಅದುವರೆಗೆ ಗಾಬರಿಯಾಗದಿದ್ದವರೂ ಆದರು. ಮಕ್ಕಳು ಚೀರಿಕೊಂಡು ವರಾಂಡಕ್ಕೆ ಓಡಿದರು. ಶನಿವಾರದ ಕೊಠಡಿಯ ಮಕ್ಕಳು ಮಾತ್ರ ಕಾಲುಗಳನ್ನು ಬೆಂಚಿನ ಅಡ್ಡಪಟ್ಟಿಯ ಮೇಲೆತ್ತಿಕೊಂಡು, ಹಾಳೆ ನೆನೆಯದಂತೆ ಮೈ ಬಾಗಿಸಿ ಮರೆಮಾಡಿಕೊಂಡು ಬರೆಯುತ್ತಲೇ ಇದ್ದರು. ಕೆಲವರ ಮುಖದಲ್ಲಿ ನಗು ಬೇರೆ.

“ನಿಮಗೆ ಬೇರೆ ಹೇಳಬೇಕಾ? ನೀರು ಬಂದಿದೆ, ಕಾಣಿಸ್ತಿಲ್ವಾ?” ಎಂದರು ಮೇಲ್ವಿಚಾರಕರು.

ಒಬ್ಬ ಹುಡುಗ ತಲೆಯೆತ್ತದೆ, “ಗೊತ್ತು ಸರ್. ಇದು ನಮ್ಮ ಮೇಷ್ಟ್ರ ಕೆಲಸ” ಎಂದ.

“ಯಾರ ಕೆಲಸ?”

“ಮೇಷ್ಟ್ರದು. ಮನೆಯಲ್ಲೂ ಮಾಡ್ತಾರೆ ಸರ್. ಈ ಸಲ ಸ್ವಲ್ಪ ಜಾಸ್ತಿ ಬಿಟ್ಟಿದಾರೆ.”

ಇನ್ನೊಬ್ಬಳು ಹೆಮ್ಮೆಯಿಂದ, “ಏಣಿ ಹತ್ತಿ ತಾವೇ ಸುರೀತಾರೆ” ಎಂದು ಸೇರಿಸಿದಳು. ಮೇಲ್ವಿಚಾರಕರು ದರ್ಜಿಯವರ ಮಗಳ ಕಡೆ ತಿರುಗಿದರು. ಅವಳು, “ನನಗಿನ್ನೂ ಬರೆಯೋದಿದೆ ಸರ್, ಆಮೇಲೆ ಕೇಳಿ” ಎಂದಷ್ಟೇ ಹೇಳಿ ಮುಂದಿನ ವೃತ್ತ ತುಂಬಿದಳು.

ಗೇಟಿನ ಹೊರಗೆ ಮೇಷ್ಟ್ರಿಗೆ ಒಳಗಿನ ಸದ್ದು ಕೇಳಿಸಿತು. ಪ್ಯಾಂಟು ಮಡಿಸಿಕೊಂಡು ಓಡುತ್ತಿದ್ದ ಜವಾನರೂ ಕಾಣಿಸಿದರು. ಅಷ್ಟು ವರ್ಷ ಅಷ್ಟು ಮಕ್ಕಳಿಗೆ ಧೈರ್ಯ ಕಲಿಸಿದ ಅವರು ರಸ್ತೆಯ ಬದಿಯಲ್ಲಿ ಕುಸಿದು ಕೂತು, “ಹೋಯ್ತು, ರಬ್ಬರ್ ಎಲ್ಲ ಅಳಿಸಿಬಿಟ್ಟಳು” ಎಂದು ತಲೆಯ ಮೇಲೆ ಕೈಹೊತ್ತರು. ಮಗಳ ಗತಿಯೇನಾಯಿತೋ ಎಂದು ಅಳಬೇಕಾಗಿದ್ದ ದರ್ಜಿ ಅಳುವುದನ್ನು ಬಿಟ್ಟು ಅವರ ಬೆನ್ನು ಸವರುತ್ತ, “ಮೇಷ್ಟ್ರೇ, ನೀವೇ ಹೀಗಾದ್ರೆ ನಾವೇನು ಮಾಡೋಣ? ಏಳಿ, ಉಸಿರು ಎಳಕೊಳ್ಳಿ” ಎಂದರು. ಅಮ್ಮ ನೀರಿನ ಬಾಟಲಿ ಮುಂದೆ ಹಿಡಿದರು.

“ಈಗ ನಾನು ಸೂಪರ್‌ವೈಸರ್ ಅಲ್ಲ. ಕುಡೀರಿ.”

ಕೊಳವೆ ಕಟ್ಟಿ, ನೀರು ಬಳಿದು, ಹೊರಗೆ ಓಡಿದ್ದವರಿಗೆ ಹೆಚ್ಚಿನ ಸಮಯ ಕೊಟ್ಟು ಪರೀಕ್ಷೆ ಮುಗಿಸಿದರು. ಆದರೆ ಮುಖ್ಯ ಮೇಲ್ವಿಚಾರಕರು ಮಕ್ಕಳ ಮಾತನ್ನು ಇದ್ದದ್ದು ಇದ್ದಂತೆ ವರದಿಯಲ್ಲಿ ಬರೆದರು. ಒಬ್ಬ ಅಧ್ಯಾಪಕರು ತಮ್ಮ ಶಿಷ್ಯರಿಗೆ ಅನುಕೂಲವಾಗಲೆಂದು ಟ್ಯಾಂಕಿನ ಕೊಳವೆ ಒಡೆಸಿದ್ದಾರೆ, ಶಿಷ್ಯರೇ ಒಪ್ಪಿಕೊಂಡಿದ್ದಾರೆ ಎಂದಿತ್ತು ಆ ವರದಿ. ಶನಿವಾರದ ಕೊಠಡಿಯ ಮಕ್ಕಳ ಫಲಿತಾಂಶವನ್ನು ತಡೆಹಿಡಿದರು. ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆಂದು ತಿಳಿಯಿತು. ಉಳಿದ ಮಕ್ಕಳಿಗೆ ಮುಂದಿನ ವರ್ಷವಾದರೂ ಇತ್ತು. ದರ್ಜಿಯವರ ಮಗಳಿಗೆ ಅದೂ ಇರಲಿಲ್ಲ.

ಮೇಷ್ಟ್ರು ಆ ವಾರವೆಲ್ಲ ಅಧಿಕಾರಿಗೆ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. “ಮಾನ್ಯರೇ, ನಾನು ಕ್ಯಾನಿನಿಂದ ಸುರಿಯುವವನೇ ಹೊರತು ಟ್ಯಾಂಕಿನಿಂದಲ್ಲ” ಎಂಬಲ್ಲಿಗೆ ಬಂದಾಗಲೆಲ್ಲ ಅದು ಕೇಳುವುದಕ್ಕೆ ತಪ್ಪೊಪ್ಪಿಗೆಯಂತೆಯೇ ಇತ್ತು. ತಮ್ಮ ಮಾತು ಕೆಟ್ಟರೆ ಆ ಹುಡುಗಿಯ ಸೇತುವೆಗಳೆಲ್ಲ ತಮ್ಮ ಕೈಯಿಂದಲೇ ಬಿದ್ದಂತೆ ಎಂದು ಅವರಿಗೆ ನಿದ್ದೆ ಬರಲಿಲ್ಲ.

ಅಧಿಕಾರಿ ಬಂದದ್ದು ಶನಿವಾರ, ಹೇಳಿದ್ದಕ್ಕಿಂತ ಮುಂಚೆಯೇ. ಮೇಷ್ಟ್ರು ಹೊರಗೆ ಅವರನ್ನು ಎದುರುಗೊಳ್ಳಲು ಹೋಗಿ ಬೇರೆ ಬೀದಿಯಲ್ಲಿ ಕಾಯುತ್ತಿದ್ದರು. ಮಹಡಿಯಲ್ಲಿ ಮುಂದಿನ ತಂಡದ ಮಕ್ಕಳಿಗೆ ಪರೀಕ್ಷೆ ನಡೆದಿತ್ತು. ಬಾಗಿಲಲ್ಲಿ ನಿಂತ ದಪ್ಪ ಮೈಯ, ಕೈಚೀಲ ಹಿಡಿದ ಗೃಹಸ್ಥರನ್ನು ಕಂಡು ಅಮ್ಮ, ಆ ಹೊತ್ತಿನಲ್ಲಿ ಆ ಕೊಠಡಿಗೆ ಬಂದವರು ಯಾರೇ ಆಗಲಿ ಪರೀಕ್ಷೆಗೆ ಬಂದವರೇ ಎಂಬ ಗಾಂಭೀರ್ಯದಲ್ಲಿ, “ತಡವಾಗಿ ಬಂದಿದೀರಿ. ಚೀಲ ಹೊರಗಿಡಿ. ಅಲ್ಲಿ ಕೂತ್ಕೊಳ್ಳಿ” ಎಂದರು.

“ಅಮ್ಮಾ, ನಾನು—”

“ಮಾತಾಡೋ ಹಾಗಿಲ್ಲ.”

ಜೀವನದಲ್ಲಿ ಎಷ್ಟೋ ಪರೀಕ್ಷೆ ಬರೆದು ಮೇಲೆ ಬಂದವರು ಆ ಅಧಿಕಾರಿ. ಆ ಧ್ವನಿ ಕೇಳಿದ ಕೂಡಲೇ ಅವರ ಕಾಲು ತಾನಾಗಿಯೇ ಬೆಂಚಿನ ಕಡೆ ನಡೆಯಿತು. ಮುಂದೆ ಪ್ರಶ್ನೆಪತ್ರಿಕೆ ಬಂದಿತು, ಪೆನ್ಸಿಲ್ ಬಂದಿತು.

“ಮೇಜು ಅಲ್ಲಾಡ್ತಾ ಇದೆಯಲ್ಲಮ್ಮ.”

“ಅಲ್ಲೂ ಅಲ್ಲಾಡತ್ತೆ. ಬರೀರಿ.”

ಮೇಷ್ಟ್ರು ಊರೆಲ್ಲ ಹುಡುಕಿ, ಅಧಿಕಾರಿ ಬರಲೇ ಇಲ್ಲವೆಂದು ಬೆವರು ಒರೆಸಿಕೊಳ್ಳುತ್ತ ಮಹಡಿ ಹತ್ತಿದರು. ಹಿಂದಿನ ಸಾಲಿನಲ್ಲಿ, ಕೆಮ್ಮುವ ತಾತನ ಪಕ್ಕದಲ್ಲಿ, ನಾಲಿಗೆಯ ತುದಿ ಕಚ್ಚಿಕೊಂಡು ಲೆಕ್ಕ ಮಾಡುತ್ತಿದ್ದವರನ್ನು ನೋಡಿ ಅವರ ಜೀವ ಬಾಯಿಗೆ ಬಂದಿತು. ಅಷ್ಟರಲ್ಲಿ ತಟ್ಟೆಗಳು ಉರುಳಿದವು. ಅಧಿಕಾರಿ ಕುಳಿತಲ್ಲಿಂದ ಒಂದು ಗೇಣು ಮೇಲೆ ಹಾರಿದರು. ಸುತ್ತಲಿನ ಮಕ್ಕಳಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಅವರು ಆ ಬಗ್ಗಿದ ತಲೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ತಲೆ ಬಗ್ಗಿಸಿದರು. ಗಂಟೆ ಬಾರಿಸಿದಾಗ, “ಇನ್ನೊಂದೈದು ನಿಮಿಷ ಕೊಡಿ ಅಮ್ಮ, ಕಡೇ ಲೆಕ್ಕ ಬಂದುಬಿಟ್ಟಿದೆ” ಎಂದು ಅಂಗಲಾಚಿದರು. ಅಮ್ಮ ಕೈಯಿಂದ ಹಾಳೆ ಸೆಳೆದುಕೊಂಡರು.

ಮೇಷ್ಟ್ರು ಆ ಹಾಳೆಯನ್ನು ತಿದ್ದಿದರು. ಹೇಳಲೋ ಬೇಡವೋ ಎಂದು ತೊಳಲಾಡಿ, ಕಡೆಗೆ ಸತ್ಯವನ್ನೇ ಹೇಳಿದರು. “ಉತ್ತರ ಎಲ್ಲಾ ಸರಿಯಾಗಿದೆ ಸರ್. ಆದ್ರೆ ಮಧ್ಯದಲ್ಲಿ ಒಂದು ಪ್ರಶ್ನೆ ಬಿಟ್ಟಿದೀರಿ. ಅಲ್ಲಿಂದ ಎಲ್ಲಾ ಒಂದು ಸಾಲು ಮೇಲೆ ಕೂತಿದೆ.”

ಅಧಿಕಾರಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ನಗಲು ತೊಡಗಿದವರು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಕೊಳವೆ ತುಕ್ಕು ಹಿಡಿದು ತಾನಾಗಿ ಒಡೆದಿತ್ತೆಂದು ಕೊಳಾಯಿ ರಿಪೇರಿಯವರು ಆಗಲೇ ಬರೆದುಕೊಟ್ಟಿದ್ದರಂತೆ. ಮಕ್ಕಳು ಗುರುಗಳ ಮೇಲೆ ಅಂಥ ಸುಳ್ಳನ್ನು ಅಷ್ಟು ಸಂತೋಷದಿಂದ ಏಕೆ ಹೇಳಿದರು ಎಂಬುದೊಂದೇ ಅವರಿಗೆ ಬಗೆಹರಿಯದೆ ಉಳಿದಿತ್ತು. “ಈಗ ಬಗೆಹರೀತು,” ಎಂದರು. “ಅವರು ಸುಳ್ಳು ಹೇಳಿಲ್ಲ. ನನಗೂ ಈ ಮೇಜು ನೀವೇ ಅಲ್ಲಾಡಿಸ್ತಿದೀರಿ ಅಂತಾನೇ ಅನ್ನಿಸ್ತು.” ವಾರದೊಳಗೆ ಫಲಿತಾಂಶ ಹೊರಬಂದಿತು. ದರ್ಜಿಯವರ ಮಗಳಿಗೆ ಬೇಕಾದ ಕಾಲೇಜಿನಲ್ಲಿ ಬೇಕಾದ ಸೀಟು ಸಿಕ್ಕಿತು. ಅವಳು ಈಗ ಸೇತುವೆ ಕಟ್ಟಿಸುತ್ತಾಳೆ.

ನೀರಿನ ಕ್ಯಾನು ಆ ಹುಡುಗಿಯನ್ನು ಉಳಿಸಿತು ಎಂದು ಮೇಷ್ಟ್ರು ಇಂದಿಗೂ ಹೇಳುತ್ತಾರೆ. ಅದು ಹಾಗಲ್ಲ. ಕಾಲೇಜಿಗೆ ಹೊರಡುವ ಮುನ್ನ ಆ ಹುಡುಗಿ ಅಡುಗೆಮನೆಯಲ್ಲಿ ಕೂತು ಅಮ್ಮನಿಗೆ ನಡೆದದ್ದನ್ನು ಹೇಳಿದ್ದಳು. ಅಮ್ಮ ಅದನ್ನು ಬಹಳ ಕಾಲ ತಮ್ಮಲ್ಲೇ ಇಟ್ಟುಕೊಂಡಿದ್ದು, ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಮ್ಮ ಅಣ್ಣನಿಗೆ ಹೇಳಿ, ನೋವಿನಲ್ಲೂ ನಕ್ಕರು.

“ನೀರು ಬಂದಾಗ ಅದು ಮೇಷ್ಟ್ರ ಕೆಲಸ ಅಂತ ನಿನಗೂ ಅನ್ನಿಸ್ತಾ ಅಂತ ಕೇಳಿದೆ ಅಣ್ಣ. ‘ಇಲ್ಲಮ್ಮ, ನಿಜವಾಗ್ಲೂ ನೀರು ನುಗ್ಗಿದೆ ಅಂತ ಆಗ್ಲೇ ಗೊತ್ತಾಯ್ತು. ಕುರ್ಚಿ ಮೇಲೆ ನಿಂತೋರ ಮುಖ ನೋಡಿದೆ, ಅಷ್ಟು ಚೆನ್ನಾಗಿ ಹೆದರೋ ಜನ ಮೇಷ್ಟ್ರಿಗೆ ಎಲ್ಲಿ ಸಿಗ್ತಾರೆ’ ಅಂದ್ಲು. ಎದ್ದು ಓಡಬೇಕು ಅಂತ ಕಾಲು ಕೆಳಗಿಟ್ಟಿದ್ಲಂತೆ. ತಿರುಗಿ ನೋಡಿದ್ರೆ ನಮ್ಮ ಶನಿವಾರದ ಮಕ್ಕಳೆಲ್ಲ ಇವಳನ್ನೇ ನೋಡ್ತಿದಾರೆ. ಇವಳು ಎದ್ರೆ ಅವರೂ ಏಳ್ತಾರೆ. ಇವಳು ಕಾಲು ಮೇಲೆತ್ತಿ ಪಟ್ಟಿ ಮೇಲಿಟ್ಲು, ಅವರೂ ಇಟ್ರು. ‘ಒಂದ್ಸಲ ಇಟ್ಟ ಮೇಲೆ ಮತ್ತೆ ಕೆಳಗಿಡೋಕೆ ಆಗ್ಲಿಲ್ಲಮ್ಮ’ ಅಂದ್ಲು. ಆಮೇಲೆ ಒಂದು ಉತ್ತರಾನೂ ಅಳಿಸಲಿಲ್ವಂತೆ.”

“ಭಾವನಿಗೆ ಹೇಳಿದೀಯಾ?” ಎಂದು ಅಣ್ಣ ಕೇಳಿದರು.

“ಈಗ ಬೇಡ. ಕೆಲಸದಲ್ಲಿ ಇರೋವರೆಗೂ ಆ ಕ್ಯಾನಿನ ಮೇಲೆ ಅವರಿಗೆ ನಂಬಿಕೆ ಇರಲಿ. ರಿಟೈರ್ ಆದ ದಿನ ನೀನೇ ಹೇಳು. ನಾನಿಲ್ಲ ಅಂತ ಬಾಗಿಲು ಹಾಕಿಕೊಂಡು ಕೂತಿರ್ತಾರೆ, ನನಗೆ ಗೊತ್ತಿಲ್ವಾ.”

ತಂಗಿ ಹೇಳಿದ ದಿನ ಬಂದಿದೆ. ಅಣ್ಣನಾದ ನಾನು ಹೇಳಬೇಕಾದದ್ದನ್ನು ಇಲ್ಲಿ ಹೇಳಿಯಾಯಿತು. ಮೇಷ್ಟ್ರೇ, ಬೂಟಿನ ಸದ್ದು ಇಲ್ಲದಿದ್ದರೂ ನಡೆಯುತ್ತದೆ, ಏಣಿ ಹತ್ತುವ ವಯಸ್ಸಂತೂ ನಿಮ್ಮದಲ್ಲ. ಹೆದರಿದ ಮಕ್ಕಳು ವಾರಕ್ಕೊಮ್ಮೆ ಒಂದೆಡೆ ಕೂತು, ಒಬ್ಬರ ಮುಖವನ್ನೊಬ್ಬರು ಚೆನ್ನಾಗಿ ಗುರುತು ಹಿಡಿಯುವಷ್ಟು ಕಾಲ ಜೊತೆಯಲ್ಲಿದ್ದರೆ ಸಾಕು; ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ದಯಾಮಯನಾದ ಭಗವಂತ ನಿಮಗೆ ಗಟ್ಟಿ ಮೈಯನ್ನೂ ಬಹುಕಾಲದ ಆಯುಸ್ಸನ್ನೂ ಕೊಡಲಿ. ಈ ವರ್ಷ ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳ ಒಂದು ಗುಂಪು ಈ ಗ್ರಂಥದ ಬಿಡುಗಡೆಗೆ ಬರುವುದಾಗಿ ಹೇಳಿದೆ. ಸಮಾರಂಭ ಮುಗಿದ ಕೂಡಲೇ ಅವರು ಮಹಡಿಯ ಕೋಣೆಯ ಬೀಗದ ವಿಷಯವಾಗಿ ನಿಮ್ಮನ್ನು ಒಂದು ಮಾತು ಕೇಳುವವರಿದ್ದಾರೆ. ಒಂದೇ ಸಲ ಕೇಳುತ್ತಾರೆ.